ಹುಳದ ಅಳತೆಗೆ ಕತ್ತರಿಸಿದ ಹುಲ್ಲು

ಭಾನುವಾರ ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮನೆಯಲ್ಲಿ ಎಲ್ಲವೂ ಕೆಡಲು ಶುರುವಾಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋದವಳು ಗಡಿಯಾರ ನೋಡಿ, ಮಾವ ಇಷ್ಟು ಬೇಗ ಎದ್ದು ಗೆಲುವಾಗಿ ಕೂತಿದ್ದಾರಲ್ಲ ಎಂದು ಸಂತೋಷಪಟ್ಟಿದ್ದೆ. ಅನಾಹುತವನ್ನು ಹಲ್ಲು ಕಿರಿದು ಸ್ವಾಗತಿಸಿದವರಿಗೆ ಅದು ಬಂದ ಹೊತ್ತು ಮರೆಯುವುದಿಲ್ಲ.

ಮಾವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುಂದೆ ಮರದ ಮಣೆ, ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಕತ್ತಿ. ಊರಿನಿಂದ ಚನ್ನಪಟ್ಟಣದ ನಮ್ಮ ಬಾಡಿಗೆ ಮನೆಗೆ ಬರುವಾಗ ಪಂಚೆ, ಮಾತ್ರೆ ಡಬ್ಬಿಯ ಜೊತೆ ಅದನ್ನೂ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಆದರೆ ಮಣೆಯ ಮೇಲಿದ್ದದ್ದು ಸೊಪ್ಪಲ್ಲ, ನನ್ನ ಮಗಳ ಎರಡು ಗಿನಿಪಿಗ್‌ಗಳಿಗೆಂದು ಕೊರಿಯರ್‌ನಲ್ಲಿ ತರಿಸಿದ ಒಣಹುಲ್ಲು. ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಕಾಲಿಟ್ಟರೂ ಹುಲ್ಲು ಸಿಗುವ ಸೀಮೆಯಲ್ಲಿ ಕೂತು ಹೊರದೇಶದ ಹುಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ತರಿಸುವ ಬುದ್ಧಿವಂತಿಕೆ ನಮ್ಮದು. ಮೊದಲ ಚೀಲ ಬಂದ ದಿನ ಮಾವ ಅದನ್ನು ಮೂಸಿ ನೋಡಿ, ಇದಕ್ಕಿಂತ ನಮ್ಮ ಹಸು ಬೇಡವೆಂದು ಬಿಟ್ಟ ಹುಲ್ಲು ಚೆನ್ನಾಗಿರುತ್ತಿತ್ತು ಎಂದಿದ್ದರು.

ಗಿನಿಪಿಗ್ ನೋಡದವರಿಗಾಗಿ ಒಂದು ಮಾತು. ಮೊಲದ ಮುಖ, ಇಲಿಯ ಮೈ, ಬಾಲವಿಲ್ಲ. ಅಂಗೈ ಎರಡು ಜೋಡಿಸಿದರೆ ಒಂದು ಕೂರುತ್ತದೆ. ಹುಲ್ಲಿನ ಚೀಲದ ಸದ್ದು ಕೇಳಿದರೆ ಪೀಪಿ ಊದಿದಂತೆ ಕೂಗುತ್ತದೆ. ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ನನ್ನ ತಮ್ಮ ಒಂದು ಬಿಳಿಯದು, ಒಂದು ಕಂದು ಬಣ್ಣದ್ದು ತಂದುಕೊಟ್ಟು, ಕೊಟ್ಟವರಿಗೆ ಮಾತ್ರ ಇರುವ ನಿರಾಳತೆಯಿಂದ ತನ್ನ ಊರಿಗೆ ಹೊರಟುಹೋದ. ಅವಕ್ಕೆ ಮಗಳು ಹೆಸರಿಟ್ಟಿದ್ದಾಳೆ. ಬೇರೆಯವರಿಗೆ ಹೇಳಬಾರದೆಂದು ಆಣೆ ಮಾಡಿಸಿಕೊಂಡಿರುವುದರಿಂದ ಇಲ್ಲಿ ಬಿಳಿ, ಕಂದು ಎಂದೇ ಬರೆಯುತ್ತೇನೆ.

ಇನ್ನು ಮಾವನ ವಿಷಯ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಪಕ್ಕದ ಹಳ್ಳಿಯವರು. ಜೀವಮಾನವೆಲ್ಲ ರೇಷ್ಮೆಹುಳ ಸಾಕಿದವರು. ಮೊಟ್ಟೆಯೊಡೆದ ಎಳೆಹುಳವನ್ನು, ಅಂದರೆ ಚಾಕಿ ಹುಳವನ್ನು, ಬದುಕಿಸುವುದರಲ್ಲಿ ಅವರ ಕೈಗುಣ ದೊಡ್ಡದೆಂದು ಊರೆಲ್ಲ ಹೇಳುತ್ತಿತ್ತು. ಚಾಕಿ ಹುಳಕ್ಕೆ ಎಳೆಯ ಸೊಪ್ಪನ್ನು ಸಾಸಿವೆಗಿಂತ ಒಸಿ ದೊಡ್ಡದಾಗಿ, ಒಂದೇ ಸಮ ಕತ್ತರಿಸಿ ಹಾಕಬೇಕು. ಹುಳ ಬೆಳೆದಂತೆ ತುಂಡಿನ ಅಳತೆಯೂ ಬೆಳೆಯಬೇಕು. ಕೊನೆಕೊನೆಗೆ ರೆಂಬೆ ಸಮೇತ ಹಾಕಿದರೂ ತಿಂದುಹಾಕುತ್ತವೆ. ಮಂಡಿನೋವು ಬಂದು, ಹುಳದ ಮನೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ನಮ್ಮಲ್ಲಿಗೆ ಬಂದ ಮೇಲೆ ಮೂರು ತಿಂಗಳು ಅವರು ಟಿವಿಯ ಮುಂದೆ ಮತ್ತೊಂದು ಟಿವಿಯಂತೆ ಕೂತಿದ್ದರು. ಆಮೇಲೆ ಈ ಎರಡು ಪ್ರಾಣಿ ಬಂದವು. ಮಾವನಿಗೆ ಮತ್ತೆ ಸಾಕಲು ಏನೋ ಸಿಕ್ಕಿತು.

"ಇಷ್ಟುದ್ದ ಹುಲ್ಲು, ಅಷ್ಟು ಪುಟ್ ಬಾಯಿ," ಎಂದರು ಆ ಭಾನುವಾರ, ನನ್ನತ್ತ ತಿರುಗದೆ. "ಅರ್ಧ ತಿಂದು ಅರ್ಧ ಚೆಲ್ತವೆ. ಒಸಿ ಸಣ್ಣಗ್ ಮಾಡ್ಬುಟ್ರೆ ಅರಗ್ತದೆ ಕಣವ್ವ."

ಈಗ ನನ್ನ ಪರಿಚಯವನ್ನೂ ಮಾಡಿಕೊಡಬೇಕು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹುಲ್ಲು ತಿನ್ನುವ ಪ್ರಾಣಿಗಳ ಕರುಳು ಹೇಗಿರುತ್ತದೆ, ಸಣ್ಣಕರುಳು ದೊಡ್ಡಕರುಳನ್ನು ಸೇರುವ ಕಡೆ ಸೀಕಂ ಎಂಬ ಚೀಲ ಎಷ್ಟು ದೊಡ್ಡದಿರುತ್ತದೆ, ಅದರೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಹೇಗೆ ಹುಳಿಸುತ್ತವೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಚಿತ್ರ ಬಹಳ ಚೆನ್ನಾಗಿ ಬರುತ್ತದೆ. ಆ ಚಿತ್ರ ಬರೆಯುವ ಕೈಯಲ್ಲೇ ಕಾಫಿ ಲೋಟ ಹಿಡಿದು ನಿಂತು ನಾನು, "ಹೌದು ಮಾವ, ಒಳ್ಳೇದೇ ಆಯ್ತು," ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಮಾವನಿಗೆ ಎದುರಾಡಬಾರದೆಂಬ ಸೊಸೆಯ ಸಂಸ್ಕಾರ ಎಂದು ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ನಿಜ ಏನೆಂದರೆ, ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದರು. ಖುಷಿಯಾಗಿರುವ ಮನೆಯಲ್ಲಿ ಸೀಕಂ ವಿಷಯ ಎತ್ತುವುದು ನನಗೆ ಬೇಡವಾಗಿತ್ತು.

ಮೊದಲ ಎರಡು ದಿನ ಕತ್ತಿಯೇ ಸಾಕಾಯಿತು. ಮೂರನೇ ದಿನ ಮಾವ ತುಂಡುಗಳನ್ನು ಪರೀಕ್ಷಿಸಿ, ಅಳತೆ ಸಮನಾಗಿಲ್ಲ, ಒರಟು ತುಂಡುಗಳು ಹಾಗೇ ಉಳಿಯುತ್ತಿವೆ ಎಂದು ತೀರ್ಮಾನಿಸಿದರು. ಅಡುಗೆಮನೆಯಿಂದ ನನ್ನ ಮಿಕ್ಸಿ, ಚಟ್ನಿ ಜಾರಿನ ಸಮೇತ, ಬಾಲ್ಕನಿಗೆ ಹೋಯಿತು. ಹುಲ್ಲು ಪುಡಿಯಾಯಿತು. ಅಂಗಡಿಯಿಂದ ತಂದ ಗಿನಿಪಿಗ್‌ನ ಗಟ್ಟಿ ಉಂಡೆಗಳೂ ಪುಡಿಯಾದವು. ಸಾಲದೆಂದು ರಾಗಿಹಿಟ್ಟಿನ ಜರಡಿಯಲ್ಲಿ ಎಲ್ಲವನ್ನೂ ಜಾಲಿಸಿ, ಮೇಲೆ ಉಳಿದ ಒರಟು ನಾರನ್ನು ಕಸಕ್ಕೆ ಹಾಕಿದರು. ಅಂದರೆ ಆ ಪ್ರಾಣಿಗಳನ್ನು ಬದುಕಿಸುವ ವಸ್ತು ಯಾವುದಿತ್ತೋ ಅದನ್ನೇ ಬಹಳ ಶ್ರದ್ಧೆಯಿಂದ ಬೇರ್ಪಡಿಸಿ ಎಸೆದೆವು. ತಳದಲ್ಲಿ ಉಳಿದದ್ದನ್ನು ಹಣೆಗೆ ಹಚ್ಚಿಕೊಳ್ಳಬಹುದಿತ್ತು, ಅಷ್ಟು ನುಣುಪು. ಅದಕ್ಕೆ ಒಂದಿಷ್ಟು ನೀರು ಚಿಮುಕಿಸಿ ಬಟ್ಟಲಿಗೆ ಹಾಕುತ್ತಿದ್ದರು. ತಿಂದದ್ದು ಅದೇ ಹುಲ್ಲು, ಅದೇ ಉಂಡೆ. ಹೊಸದಾಗಿ ಏನೂ ಸೇರಿರಲಿಲ್ಲ. ಹೋದದ್ದು ಒರಟು ನಾರು, ಬದಲಾದದ್ದು ತುಂಡಿನ ಅಳತೆ.

ಎರಡೂ ಚಪ್ಪರಿಸಿ ತಿಂದವು. ಅಗಿಯುವ ಕಷ್ಟವಿಲ್ಲ. ಮುಂಚೆ ಇಡೀ ದಿನ ಹುಲ್ಲು ಜಗಿಯುತ್ತಿದ್ದವು, ಈಗ ಅರ್ಧ ಗಂಟೆಯಲ್ಲಿ ಊಟ ಮುಗಿಸಿ ದೊಡ್ಡ ಮನುಷ್ಯರ ಹಾಗೆ ಒರಗುತ್ತಿದ್ದವು. ಕಂದುಬಣ್ಣದ್ದಕ್ಕೆ ಮಾತ್ರ ಅಷ್ಟರಿಂದ ತೃಪ್ತಿಯಾಗಲಿಲ್ಲ. ಅದು ಗೂಡಿನ ಕಂಬಿಯ ಸಂದಿಯಿಂದ ಮೂತಿ ತೂರಿಸಿ, ಮೂಲೆಯಲ್ಲಿ ಒರಗಿಸಿಟ್ಟ ಹುಲ್ಲುಪೊರಕೆಯನ್ನು ಎಳೆದೆಳೆದು ತಿನ್ನತೊಡಗಿತು. ನಾವು ಗದರಿದೆವು. ಮಾವ ಅದಕ್ಕೆ ಕಳ್ಳ ಎಂದು ಹೆಸರಿಟ್ಟರು. ಬಿಳಿಯದು ಬಟ್ಟಲು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ, ಎಷ್ಟು ಮರ್ಯಾದಸ್ಥ ಕೂಸು ನೋಡಿ ಎಂದು ಹೊಗಳಿದೆವು. ಮನೆಗೆ ಬಂದವರ ಮುಂದೆಯೂ ಹೇಳಿದೆವು.

ಹತ್ತು ದಿನ ಕಳೆಯುವಷ್ಟರಲ್ಲಿ ಬಿಳಿಯದರ ಹಿಕ್ಕೆ ಸಣ್ಣದಾಯಿತು. ಇದನ್ನು ಮೊದಲು ಗಮನಿಸಿದವರು ಮಾವನೇ. ರೇಷ್ಮೆಯವರಿಗೆ ಹಿಕ್ಕೆ ನೋಡುವುದು ಜಾತಕ ನೋಡಿದಂತೆ. ಹುಳದ ಆರೋಗ್ಯವೆಲ್ಲ ಅದರಲ್ಲಿ ಬರೆದಿರುತ್ತದೆ. ಬಿಳಿಯದರ ಹಿಕ್ಕೆ ಮುಂಚೆ ದಪ್ಪ ಅವರೆಬೀಜದಷ್ಟಿದ್ದದ್ದು ಈಗ ಜೀರಿಗೆಯಂತೆ ಮೊನಚಾಗಿದೆ ಎಂದು ಅಂಗೈಯಲ್ಲಿಟ್ಟು ತೋರಿಸಿದರು. ನಾನು ಗಾಬರಿಯಾಗಬೇಕಿತ್ತು. ಮಾವನ ಮುಖದಲ್ಲಿ ಹೆಮ್ಮೆ ಇತ್ತು. ಚಾಕಿ ಹುಳಕ್ಕೆ ನುಣ್ಣಗೆ ಹಾಕಿದರೆ ಹಿಕ್ಕೆಯೂ ನುಣ್ಣಗೇ ಬರುತ್ತದಂತೆ, ಅರಗುತ್ತಿದೆ ಎಂಬುದಕ್ಕೆ ಅದೇ ಗುರುತಂತೆ. ಗೂಡು ಎಷ್ಟು ಸ್ವಚ್ಛವಾಗಿದೆ ಎಂದು ನಾನೂ ದನಿಗೂಡಿಸಿದೆ. ಗೂಡು ಗುಡಿಸುವ ಕೆಲಸ ನನ್ನದೇ ಆಗಿದ್ದರಿಂದ ಆ ಸಂತೋಷ ಪ್ರಾಮಾಣಿಕವಾಗಿತ್ತು.

ಶುಕ್ರವಾರ ಬೆಳಗ್ಗೆ ಬಿಳಿಯದು ಮೂಲೆಯಲ್ಲಿ ಮೈ ಗುಡ್ಡೆ ಮಾಡಿಕೊಂಡು ಕೂತಿತ್ತು. ತಲೆ ಸ್ವಲ್ಪ ಮೇಲೆ, ಕಣ್ಣು ಅರೆಮುಚ್ಚಿ, ಅಲ್ಲಾಡದೆ. ಬಟ್ಟಲು ಹಾಗೇ ಇತ್ತು. ಮಗಳು ಶಾಲೆಗೆ ಹೊರಡುವ ಮುಂಚೆ ಹತ್ತು ಸಲ ಕರೆದಳು, ಕಿವಿಯೂ ಆಡಿಸಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಮ್ಮ ಎಂದಳು. ಮಾವ ಬಗ್ಗಿ ನೋಡಿ ನಕ್ಕರು.

"ಏನಿಲ್ಲ ಮಗ, ಜ್ವರಕ್ಕೆ ಕುಂತೈತೆ. ನೋಡು, ಹೆಂಗೆ ತಲೆ ಎತ್ಕೊಂಡೈತೆ. ನಾಳೆ ಎದ್ದೇಳ್ತದೆ, ಎದ್ಮೇಲೆ ಹಸ್ಕಂಡ್ ತಿಂತದೆ. ಅಲ್ಲೀಗಂಟ ಯಾರೂ ಏನೂ ಹಾಕ್ಬೇಡಿ."

ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಹಳೆಯ ಚರ್ಮ ಕಳಚುತ್ತದೆ. ಕಳಚುವ ಮುಂಚೆ ಒಂದು ಹಗಲೋ ರಾತ್ರಿಯೋ ತಲೆಯೆತ್ತಿ ನಿಶ್ಚಲವಾಗಿ ಕೂರುತ್ತದೆ. ಅದಕ್ಕೇ ಈ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಬೇಕು. ಆತುರಪಟ್ಟು ಸೊಪ್ಪು ಹಾಕಿದವನ ಬೆಳೆ ಹೋದಂತೆಯೇ. ಆ ಕಾಯುವಿಕೆಯೇ ಒಳ್ಳೆ ಸಾಕಣೆಗಾರನ ಗುರುತು. ಮಾವ ನಲವತ್ತು ವರ್ಷ ಕಾದು ಗೆದ್ದವರು. ಆದರೆ ಗಿನಿಪಿಗ್ ಚರ್ಮ ಕಳಚುವುದಿಲ್ಲ. ಅದರ ಕರುಳಿಗೆ ಸದಾ ಏನಾದರೂ ಬೀಳುತ್ತಲೇ ಇರಬೇಕು. ಒಂದು ದಿನ ಖಾಲಿ ಬಿಟ್ಟರೆ ಕರುಳು ನಡೆಯುವುದನ್ನೇ ನಿಲ್ಲಿಸುತ್ತದೆ. ನಾವು ಆಗಲೇ ನಿಧಾನವಾಗಿದ್ದ ಕರುಳಿಗೆ ಉಪವಾಸವನ್ನೂ ಕೊಟ್ಟೆವು. ನಾನು ಬಟ್ಟಲು ತೆಗೆದು ತೊಳೆದು ಕವುಚಿಟ್ಟು ಕಾಲೇಜಿಗೆ ಹೋದೆ. ಆ ಬಟ್ಟಲನ್ನು ಒರೆಸಿಟ್ಟದ್ದು ಕೂಡ ನೆನಪಿದೆ.

ಸಂಜೆ ಮಾವ ಸುಣ್ಣ ತರಲು ಚಪ್ಪಲಿ ಮೆಟ್ಟಿದಾಗ ಮಗಳು ಬಾಗಿಲಿಗೆ ಅಡ್ಡ ನಿಂತಳು. ತಾತ ಏನೇ ಹೇಳಲಿ, ಸುಣ್ಣ ಹಾಕಲು ಬಿಡುವುದಿಲ್ಲ ಎಂದಳು. ಬೇರೇನೂ ಕಲಿಯದ ಹತ್ತು ವರ್ಷದ ಹುಡುಗಿಗೆ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿವಳಿಕೆ ಇತ್ತು. ನನ್ನ ಗಂಡ ಬಿಡದಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಮುಗಿಸಿ ಬಂದು, ಎಲ್ಲ ಕೇಳಿ, ಬೆಳಗ್ಗೆ ನೋಡೋಣ ಎಂದು ಮಲಗಿದರು. ನಮ್ಮ ಮನೆಯಲ್ಲಿ ಬೆಳಗ್ಗೆ ನೋಡೋಣ ಎಂಬುದಕ್ಕೆ ಔಷಧದ ಸ್ಥಾನವಿದೆ.

ಬೆಳಗ್ಗೆ ನೋಡಿದೆವು. ಬಿಳಿಯದರ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಕಿವಿ ತಣ್ಣಗಿದ್ದವು. ಹಲ್ಲನ್ನು ಕಟಕಟನೆ ಮಸೆಯುತ್ತಿತ್ತು. ನೋವಿಗೆ ಹಾಗೆ ಮಾಡುತ್ತವೆಂದು ಆಮೇಲೆ ತಿಳಿಯಿತು. ಗೂಡಿನಲ್ಲಿ ಇಡೀ ರಾತ್ರಿಗೆ ಒಂದೇ ಒಂದು ಹಿಕ್ಕೆಯೂ ಇರಲಿಲ್ಲ. ಮಾವ ಹಾಸಿದ ಪೇಪರನ್ನು ಎತ್ತಿ ಬೆಳಕಿಗೆ ಹಿಡಿದು, ಮಡಚಿ, ಮತ್ತೆ ಬಿಚ್ಚಿ ನೋಡಿದರು. "ಹಿಕ್ಕೆ ನಿಂತೋಯ್ತು," ಎಂದರು. ಹುಳವಾದರೂ ಪಿಗ್ಗಾದರೂ ಆ ಒಂದು ವಿಷಯಕ್ಕೆ ಅರ್ಥ ಒಂದೇ ಎಂದು ಅವರಿಗೆ ಗೊತ್ತಿತ್ತು.

ಗಂಡ ಸ್ಕೂಟರ್ ತೆಗೆದುಕೊಂಡು ಮುಂಜಾನೆಯ ಶಿಫ್ಟಿಗೆ ಹೋಗಿಯಾಗಿತ್ತು. ರಾಮನಗರದಲ್ಲಿ ನಾಯಿ ಬೆಕ್ಕು ನೋಡುವ ಲೇಡಿ ಡಾಕ್ಟರೊಬ್ಬರು ಮೊಲವನ್ನೂ ನೋಡುತ್ತಾರೆಂದು ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹೇಳಿದರು. ಮಗಳು ಬಿಳಿಯದನ್ನು ಟವೆಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡಳು. ಮಾವನನ್ನು ಯಾರೂ ಕರೆಯಲಿಲ್ಲ. ಅವರು ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಹಿಂದೆ ನಿಂತಿದ್ದರು.

ಬಸ್ಸಿನಲ್ಲಿ ಪಕ್ಕದ ಸೀಟಿನವನು ಬುಟ್ಟಿಯೊಳಗೆ ಇಣುಕಿದ. "ಏನ್ ಯಜಮಾನ್ರೇ, ಇಲೀನ ಆಸ್ಪತ್ರೆಗೆ ಕರ್ಕೊಂಡೋಯ್ತಿದೀರ? ನಮ್ಮನೇಲಿ ಇಲೀಗೆ ಪಾಷಾಣ ಇಡ್ತೀವಿ."

"ನಿಂಗ್ ಉಸಾರಿಲ್ದಾಗ ಏನಿಡ್ತಾರೆ?" ಎಂದರು ಮಾವ.

ಸುತ್ತಲಿನವರು ನಕ್ಕರು. ಮಗಳು ನಗಲಿಲ್ಲ. ಟವೆಲಿನ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದಳು. ಕೆಂಗಲ್ ಬಂದಾಗ ಮಾವ ಕಿಟಕಿಯಾಚೆ ಆಂಜನೇಯನಿಗೆ ಕೈ ಮುಗಿದು, ಕೈ ಇಳಿಸುವುದನ್ನೇ ಮರೆತರು. ನಾನು ಮೂರು ವಾಕ್ಯಗಳನ್ನು ಮನಸ್ಸಿನಲ್ಲೇ ತಯಾರು ಮಾಡಿಕೊಳ್ಳುತ್ತಿದ್ದೆ, ಡಾಕ್ಟರ ಮುಂದೆ ನನ್ನ ವಿದ್ಯಾಭ್ಯಾಸವನ್ನು ಹೇಗೆ ಮುಚ್ಚಿಡುವುದೆಂದು.

ಡಾಕ್ಟರು ಚಿಕ್ಕ ವಯಸ್ಸಿನವರು, ಕನಕಪುರದ ಕಡೆಯವರು. ಬಿಳಿಯದರ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಕೇಳಬೇಕಾದ ಗುಡುಗುಡು ಕೇಳುತ್ತಿಲ್ಲ ಎಂದರು. ಬಾಯೊಳಗೆ ದೀಪ ಹಾಕಿ ಹಲ್ಲು ನೋಡಿದರು, ಎಕ್ಸ್‌ರೇ ತೆಗೆದರು. ಕರುಳು ಎಲ್ಲೂ ಕಟ್ಟಿಕೊಂಡಿಲ್ಲ, ನಿಂತುಬಿಟ್ಟಿದೆ, ಗಾಳಿ ತುಂಬಿದೆ. ಏನು ಹಾಕುತ್ತಿದ್ದಿರಿ ಎಂದರು. ನಾನು ಹುಲ್ಲು ಎಂದೆ. ಉದ್ದ ಹುಲ್ಲಾ ಎಂದರು. ನಾನು ಮಾವನನ್ನು ನೋಡಿದೆ. ಹಾಗೆ ನೋಡಿದ್ದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಮಿಕ್ಸಿ ನನ್ನದು, ಜರಡಿ ನನ್ನದು, ಹೌದು ಮಾವ ಎಂದ ನಾಲಿಗೆಯೂ ನನ್ನದು.

ಮಾವ ಏನನ್ನೂ ಮುಚ್ಚಿಡಲಿಲ್ಲ. ಕತ್ತಿ, ಮಿಕ್ಸಿ, ಜರಡಿ, ಜ್ವರ, ಎಲ್ಲವನ್ನೂ ಕ್ರಮವಾಗಿ ಹೇಳಿದರು. ಡಾಕ್ಟರು ತಲೆಯಾಡಿಸುತ್ತ ಕೇಳಿ, ಇನ್ನೊಂದು ಇದೆ ಅಂದಿರಲ್ಲ, ಅದಕ್ಕೂ ಇದೇ ಹಾಕಿದಿರಾ, ಅದು ಹೇಗಿದೆ ಎಂದರು. ಚೆನ್ನಾಗಿದೆ ಎಂದೆ. ಅದು ಬೇರೆ ಏನಾದರೂ ತಿನ್ನುತ್ತಾ ಎಂದು ಕೇಳಿದಾಗ ನಮಗೆ ಹೊಳೆಯಲಿಲ್ಲ. ಮಗಳು ಹೇಳಿದಳು, "ನಮ್ಮನೆ ಪೊರಕೆ ತಿನ್ನುತ್ತೆ."

ಡಾಕ್ಟರು ನಗುವುದನ್ನು ತಡೆದುಕೊಂಡದ್ದು ಕಾಣಿಸಿತು. ಆ ಕಳ್ಳನನ್ನು ಉಳಿಸಿದ್ದು ಪೊರಕೆಯೇ ಇರಬೇಕು ಎಂದರು. ಬಣ್ಣ ಹಾಕಿದ, ನೆಲ ಗುಡಿಸಿದ ಪೊರಕೆ ಮೇವಲ್ಲ, ಇನ್ನು ಮುಂದೆ ಕೊಡಬೇಡಿ ಎಂದೂ ಸೇರಿಸಿದರು. ಆಮೇಲೆ ವಿವರಿಸಿದರು. ಕರುಳಿನಲ್ಲಿ ಒಂದು ವಿಂಗಡಣೆ ನಡೆಯುತ್ತದೆ. ಒರಟು ನಾರು ಬೇಗ ಬೇಗ ಮುಂದೆ ಸಾಗಿ ಹಿಕ್ಕೆಯಾಗಿ ಆಚೆ ಬೀಳುತ್ತದೆ, ಸಾಗುವಾಗ ಕರುಳನ್ನು ತಟ್ಟಿ ತಟ್ಟಿ ನಡೆಸುತ್ತದೆ. ನುಣ್ಣನೆಯದು ಹಿಂದೆ ಉಳಿದು ಆ ದೊಡ್ಡ ಚೀಲದಲ್ಲಿ ಹುಳಿಯುತ್ತದೆ. ಎರಡೂ ಇದ್ದರೆ ಸರಿ. ಎಲ್ಲವೂ ನುಣ್ಣಗಾದರೆ ಮುಂದೆ ತಳ್ಳುವವರು ಯಾರೂ ಇಲ್ಲ, ಎಲ್ಲ ಹಿಂದೆಯೇ ಉಳಿದು ಗಾಳಿಯಾಗುತ್ತದೆ, ಒಳಗಿನ ಒಳ್ಳೆಯ ಸೂಕ್ಷ್ಮಜೀವಿಗಳು ಹೋಗಿ ಕೆಟ್ಟವು ಹೆಚ್ಚುತ್ತವೆ. ನಾನು ಮೊದಲ ಸಲ ಕೇಳುವವಳಂತೆ ತಲೆಯಾಡಿಸಿದೆ. ಒಂದರ್ಥದಲ್ಲಿ ಮೊದಲ ಸಲವೇ. ಬೋರ್ಡಿನ ಮೇಲಿನ ಸೀಕಂಗೆ ಯಾವತ್ತೂ ಹೊಟ್ಟೆನೋವು ಬಂದದ್ದಿಲ್ಲ.

ಮಾವ ಇನ್ನೂ ಕೈಕಟ್ಟಿ ನಿಂತಿದ್ದರು. "ಎಳೇವು ಅಂತ ಮಾಡ್ದೆ ಡಾಕ್ಟ್ರೇ. ಎಳೇ ಹೊಟ್ಟೆ, ಅರಗಲ್ಲ ಅಂತ."

"ನಮ್ಮಪ್ಪನೂ ಹುಳ ಸಾಕ್ತಿದ್ರು ಯಜಮಾನ್ರೇ," ಎಂದರು ಡಾಕ್ಟರು. "ನಾಲ್ಕನೇ ಜ್ವರ ಎದ್ಮೇಲೆ ಏನ್ ಹಾಕ್ತಿದ್ರಿ?"

"ರೆಂಬೆ ಸಮೇತ."

"ಇವು ಹುಟ್ಟೋವಾಗ್ಲೇ ಕಣ್ ಬಿಟ್ಕೊಂಡು, ಹಲ್ಲಿಟ್ಕೊಂಡು ಹುಟ್ತವೆ. ಮಾರನೇ ದಿನಕ್ಕೆ ಹುಲ್ಲಿಗೆ ಬಾಯಿ ಹಾಕ್ತವೆ. ಇವಕ್ಕೆ ಚಾಕಿನೇ ಇಲ್ಲ. ಹುಟ್ಟಿದ ದಿನದಿಂದ ರೆಂಬೆ ತಿನ್ನೋ ಹುಳ ಅಂದ್ಕೊಳ್ಳಿ."

ನಾನು ನೂರು ಪುಟ ಓದಿ ಹೇಳಿದ್ದರೂ ಅಷ್ಟು ಮಟ್ಟಸವಾಗಿ ಮಾವನಿಗೆ ತಲುಪುತ್ತಿರಲಿಲ್ಲ. ಅವರು ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟರು. ಚರ್ಮದಡಿಗೆ ನೀರು, ನೋವಿಗೊಂದು, ಕರುಳು ನಡೆಯಲೊಂದು ಇಂಜೆಕ್ಷನ್ ಆಯಿತು. ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಮೇವು ಕುಡಿಸಬೇಕು ಎಂದು ಡಾಕ್ಟರು ಒಂದು ಪೊಟ್ಟಣ ಕೊಟ್ಟರು. ಮಾವ ಬಿಚ್ಚಿ ನೋಡಿದರು. ಹುಲ್ಲಿನ ಪುಡಿ. ನುಣ್ಣನೆಯದು.

"ನುಣ್ಗ್ ಮಾಡಿದ್ಕೇ ಹಿಂಗಾಯ್ತು ಅಂತೀರ, ತಿರ್ಗ ನುಣ್ಗೇ ಕೊಡ್ತೀರಲ್ಲ," ಎಂದರು. ತಕರಾರಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು.

ತಾನಾಗಿ ಅಗಿಯುವ ಸ್ಥಿತಿಯಲ್ಲಿಲ್ಲ, ಸಿರಿಂಜಿನಲ್ಲಿ ಉದ್ದ ಹುಲ್ಲು ಇಳಿಯುವುದಿಲ್ಲ, ಖಾಲಿ ಬಿಟ್ಟರೆ ಇವತ್ತೇ ಹೋಗುತ್ತದೆ. ಇದು ನಡೆಯುವವರೆಗೆ ಕೊಡುವ ಊರುಗೋಲು ಎಂದರು ಡಾಕ್ಟರು. ಪಕ್ಕದಲ್ಲೇ ಉದ್ದ ಹುಲ್ಲು ಇಟ್ಟಿರಬೇಕು, ತಾನಾಗಿ ಎಳೆದು ತಿಂದ ದಿನ ಗೆದ್ದಂತೆ. ಬದುಕುತ್ತಾ ಎಂದು ಮಗಳು ಕೇಳಿದಳು. ಡಾಕ್ಟರು ಸುಳ್ಳು ಹೇಳಲಿಲ್ಲ. ಎರಡು ದಿನದಲ್ಲಿ ಹಿಕ್ಕೆ ಬಂದರೆ ಬದುಕಬಹುದು ಎಂದರು.

ಹೊರಗೆ ಮೆಟ್ಟಿಲ ಮೇಲೆ ಮಗಳು ನಿಂತು ತಿರುಗಿದಳು. ಜೋರು ಮಾಡಲಿಲ್ಲ. "ತಾತ, ಇನ್ಮೇಲೆ ನೀನು ಅವಕ್ಕೆ ಏನೂ ಹಾಕ್ಬೇಡ. ಮುಟ್ಲೂಬೇಡ."

"ಆಯ್ತು ಮಗ," ಎಂದರು ಮಾವ.

ಬಸ್ಸಿನಲ್ಲಿ ಬರುವಾಗ ಅವರು ನನ್ನ ಪಕ್ಕ ಕೂತು, ಕಿಟಕಿಯಾಚೆ ನೋಡುತ್ತ, ಅವಳಿಗೆ ಕೇಳದಂತೆ ಹೇಳಿದರು. "ಅದು ಉಳೀದಿದ್ರೆ ನಾನು ಊರ್ಗೋಗ್ಬುಡ್ತೀನಿ ಕಣವ್ವ. ಆ ಕೂಸಿನ ಮಕ ನೋಡಕ್ಕಾಗಲ್ಲ." ಅದು ಸುಮ್ಮನೆ ಆಡಿದ ಮಾತಲ್ಲವೆಂದು ನನಗೆ ಗೊತ್ತಿತ್ತು. ಮನೆಗೆ ಬಂದವರೇ ಸೊಪ್ಪಿನ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದರು.

ಆ ರಾತ್ರಿಗೆ ನಾನು ವೈಜ್ಞಾನಿಕವಾಗಿ ಸಿದ್ಧಳಾದೆ. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಫೋನಿನಲ್ಲಿ ನಾಲ್ಕು ಅಲಾರಾಂ ಇಟ್ಟೆ. ಒಂಬತ್ತಕ್ಕೆ ಕುಡಿಸಿದೆವು. ಅರ್ಧ ನನ್ನ ಸೀರೆಗೆ, ಅರ್ಧ ಬಿಳಿಯದರ ಗದ್ದಕ್ಕೆ, ಉಳಿದದ್ದು ಹೊಟ್ಟೆಗೆ. ಹನ್ನೆರಡಕ್ಕೆ ಮಗಳು ಹಿಡಿದುಕೊಂಡಳು, ನಾನು ಕುಡಿಸಿದೆ. ಮೂರು ಗಂಟೆಯ ಅಲಾರಾಂ ಹೊಡೆಯಿತಂತೆ. ಎಂ.ಎಸ್ಸಿ. ಪದವೀಧರೆ ಅದನ್ನು ಆರಿಸಿ ಮಗ್ಗುಲು ಬದಲಿಸಿದಳಂತೆ. ನನಗೆ ಎಚ್ಚರವಾದದ್ದು ಗೂಡಿಟ್ಟಿದ್ದ ನಡುಮನೆಯಿಂದ ಬಂದ ಪಿಸುಮಾತಿಗೆ.

ಮಾವ ಗೂಡಿನಿಂದ ಒಂದು ಮಾರು ದೂರದಲ್ಲಿ ಕೂತಿದ್ದರು. ಪುಡಿಯನ್ನು ಬಿಸಿನೀರಿನಲ್ಲಿ ಹದವಾಗಿ ಕಲಸಿ, ಸಿರಿಂಜಿಗೆ ತುಂಬಿ, ಆರದಂತೆ ಎರಡು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಹುಳ ಹಣ್ಣಾಗಿ ರೇಷ್ಮೆಗೂಡು ಕಟ್ಟುವ ಮುಂಚಿನ ವಾರ ಸರಿರಾತ್ರಿಯಲ್ಲೂ ಸೊಪ್ಪು ಹಾಕಿ ಅಭ್ಯಾಸವಿದ್ದವರಿಗೆ ಅಲಾರಾಂ ಬೇಕಾಗಿರಲಿಲ್ಲ. ಚಾಪೆಯ ಮೇಲೆ ಮಲಗಿದ್ದ ಮಗಳನ್ನು ಮುಟ್ಟದೆ ಕರೆಯುತ್ತಿದ್ದರು. "ಮಗ, ಮೂರ್ ಗಂಟೆ ಆಯ್ತು. ಎದ್ದೇಳು ಕಂದ. ನಾನೇನೂ ಮುಟ್ಟಿಲ್ಲ."

ಮಗಳು ಅರ್ಧ ಕಣ್ಣು ತೆರೆದು ಅವರನ್ನೂ ಸಿರಿಂಜನ್ನೂ ನೋಡಿದಳು. ಎದ್ದು ಕೂತಳು, ತೂಕಡಿಸಿದಳು, ಮತ್ತೆ ಕೂತಳು. "ನೀನೇ ಹಿಡ್ಕೋ ತಾತ, ನಾನು ಕುಡಿಸ್ತೀನಿ," ಎಂದಳು. ನಾನು ಬಾಗಿಲಿನ ಹಿಂದೆಯೇ ನಿಂತೆ. ಆ ದಪ್ಪ ಬೆರಳುಗಳು ಬಿಳಿಯದನ್ನು ಹಿಡಿದ ರೀತಿ ನೋಡಿದರೆ ನನ್ನ ಸೀರೆಗೆ ಯಾಕೆ ಅಷ್ಟು ಮೇವು ಬಿತ್ತೆಂದು ತಿಳಿಯುತ್ತಿತ್ತು. ಒಂದು ಹನಿಯೂ ಚೆಲ್ಲಲಿಲ್ಲ.

ಭಾನುವಾರವೆಲ್ಲ ಹಿಕ್ಕೆ ಬರಲಿಲ್ಲ. ಇಡೀ ಮನೆ ಒಂದು ಇಲಿಯಂಥ ಪ್ರಾಣಿಯ ಹಿಂಭಾಗವನ್ನು ದಿಟ್ಟಿಸುತ್ತ ಕೂತಿತ್ತು. ನನ್ನ ಗಂಡ ಕೂಡ ಬೆಳಗ್ಗೆ ನೋಡೋಣ ಎನ್ನುವುದನ್ನು ಬಿಟ್ಟು ಆಗಾಗ ಬಂದು ನೋಡಿ ಹೋಗುತ್ತಿದ್ದರು. ಸಂಜೆ ಮಾವ ಊರಿನ ತಮ್ಮನಿಗೆ ಫೋನು ಮಾಡಿ, ಅಲ್ಲಿ ತನ್ನ ಹಳೆಯ ಕೋಣೆ ಖಾಲಿಯಿದೆಯೇ ಎಂದು ವಿಚಾರಿಸಿದ್ದು ಕಿವಿಗೆ ಬಿತ್ತು. ಮಗಳಿಗೂ ಬಿದ್ದಿರಬೇಕು. ಅವತ್ತು ರಾತ್ರಿ ಚಾಪೆಯನ್ನು ತಾತನ ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡಳು.

ಸೋಮವಾರ ಬೆಳಗಿನ ಐದೂವರೆಗೆ ಮಾವ ನನ್ನ ಕೋಣೆಯ ಬಾಗಿಲು ತಟ್ಟಿದರು. ಅಂಗೈ ಚಾಚಿದರು. ಜೀರಿಗೆ ಗಾತ್ರದ, ವಕ್ರವಾದ, ಒಣಗಿದ ಒಂದೇ ಒಂದು ಹಿಕ್ಕೆ. "ಬಂತು ಕಣವ್ವ," ಎಂದರು. ಹೊತ್ತು ಮೂಡುತ್ತಲೇ ನನ್ನ ಫೋನಿನಿಂದ ಡಾಕ್ಟರ ಹತ್ತಿರ ಮಾತಾಡಿ, ಅದರ ಬಣ್ಣ, ತೇವ, ತುದಿಯ ಮೊನೆ, ಮುರಿದಾಗ ಒಳಗೆ ಕಂಡ ನಾರು, ಎಲ್ಲವನ್ನೂ ವರದಿ ಮಾಡಿದರು. ಅಂಥ ಪ್ರಯೋಗಾಲಯದ ವರದಿ ಬರೆಯುವ ಒಬ್ಬ ವಿದ್ಯಾರ್ಥಿಯೂ ನನ್ನ ತರಗತಿಯಲ್ಲಿಲ್ಲ.

ಸಂಜೆಗೆ ಐದು ಬಂದವು. ಮಂಗಳವಾರ ಮುಷ್ಟಿಯಷ್ಟು. ಮಾವ ಕೆರೆ ಏರಿಯಿಂದ ಗರಿಕೆ ಕಿತ್ತು, ಬೇರು ತೊಳೆದು, ನೆರಳಿನಲ್ಲಿ ನೀರಾರಿಸಿ ತಂದರು. ಒಂದೆಳೆಯನ್ನೂ ಕತ್ತರಿಸಿರಲಿಲ್ಲ. ಗೂಡಿನ ಮುಂದೆ ಇಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡರು. ಮಗಳು ಅದನ್ನು ಗೂಡಿನೊಳಗೆ ಹಾಕಿದಳು. ಎರಡನೇ ಹಿಡಿಯನ್ನು ಎತ್ತಿ ತಾತನ ಕೈಗೆ ಕೊಟ್ಟಳು. "ಹಾಕು," ಎಂದಳು. ಅವರು ಹಾಕಿದರು. ಬುಧವಾರ ಮಧ್ಯಾಹ್ನ ಬಿಳಿಯದು ಒಂದು ಗರಿಕೆಯ ತುದಿ ಹಿಡಿದು, ಅದು ಬಾಯೊಳಗೆ ಪೂರ್ತಿ ಮಾಯವಾಗುವವರೆಗೆ ನಿಧಾನವಾಗಿ ಎಳೆದುಕೊಂಡು ಅಗಿಯಿತು. ನಾವು ಗೂಡಿನ ಸುತ್ತ ಬಗ್ಗಿ ನೋಡಿದೆವು. ಹುಲ್ಲು ತಿನ್ನುವ ಪ್ರಾಣಿ ಹುಲ್ಲು ತಿಂದದ್ದಕ್ಕೆ ಅಷ್ಟು ಜನ ಕಣ್ಣೊರೆಸಿಕೊಂಡದ್ದು ನಮ್ಮ ಬೀದಿಯಲ್ಲಿ ಅದೇ ಮೊದಲಿರಬೇಕು.

ಇದನ್ನೆಲ್ಲ ದಾಟಿ ತಿಂಗಳುಗಳಾದವು. ಈಗಲೂ ಮಿಕ್ಸಿ ತಿರುಗಿದರೆ ಜಾರಿನೊಳಗೆ ಏನಿದೆ ಎಂದು ಇಣುಕಿ ನೋಡುತ್ತೇನೆ. ಕವುಚಿಟ್ಟ ಬಟ್ಟಲು ಕಂಡರೆ ಆ ಶುಕ್ರವಾರ ಬೆಳಗ್ಗೆ ಬೇರೆ ಏನು ಹೇಳಬಹುದಿತ್ತೆಂದು ಪಟ್ಟಿ ಮಾಡುತ್ತೇನೆ. ಬಹಳ ಒಳ್ಳೊಳ್ಳೆಯ ಉತ್ತರಗಳು ಹೊಳೆಯುತ್ತವೆ, ಪರೀಕ್ಷೆ ಮುಗಿದು ಆಚೆ ಬಂದ ಮೇಲೆ ಹೊಳೆದಂತೆ. ತರಗತಿಯಲ್ಲಿ ಸೀಕಂ ಬರೆಯುವಾಗ ಪಕ್ಕದಲ್ಲಿ ಒಂದು ಉದ್ದ ಹುಲ್ಲನ್ನೂ ಬರೆಯುತ್ತೇನೆ. ಪರೀಕ್ಷೆಗೆ ಬರುತ್ತದಾ ಮಿಸ್ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ, ಅವರು ಬರೆದುಕೊಳ್ಳುವುದಿಲ್ಲ.

ಬಿಳಿಯದು ಗರಿಕೆ ತಿಂದ ಮಾರನೇ ದಿನ, ಗುರುವಾರ, ಡಾಕ್ಟರು ಮತ್ತೆ ಅದರ ಹೊಟ್ಟೆಗೆ ಕಿವಿಗೊಟ್ಟು, ರಾತ್ರಿ ಕುಡಿಸುವುದು ಇನ್ನು ಬೇಡ, ತಾನೇ ತಿನ್ನಲಿ ಎಂದರು. ಆ ರಾತ್ರಿ ನಾನು ಅಲಾರಾಂ ಇಡದೆ ಮಲಗಿದೆ. ಎಚ್ಚರವಾದಾಗ ಬೆಳಗ್ಗೆ ಆರೂಕಾಲು. ಆರು ದಿನದಲ್ಲಿ ಮೊದಲ ಸಲ ಯಾರೂ ಎಬ್ಬಿಸಿರಲಿಲ್ಲ. ಹಾಗಾದರೆ ಏನೋ ಆಗಿದೆ ಎಂದುಕೊಂಡು ಬರಿಗಾಲಿನಲ್ಲಿ ನಡುಮನೆಗೆ ಓಡಿದೆ. ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಗಳು ಅವರ ಹೊದಿಕೆಯನ್ನು ಪೂರ್ತಿ ತನ್ನ ಕಡೆಗೆ ಎಳೆದುಕೊಂಡು ಮಲಗಿದ್ದಳು. ಹುಲ್ಲು ಮುಗಿದಿತ್ತು. ಎರಡು ಪಿಗ್ಗುಗಳೂ ಕಂಬಿಗೆ ಕಾಲು ಕೊಟ್ಟು ನಿಂತು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದವು. ಅಷ್ಟು ಗಲಾಟೆಯಲ್ಲೂ ಇಬ್ಬರಿಗೂ ಎಚ್ಚರವಾಗಲಿಲ್ಲ.